ಸಿ.ಎನ್.ಆರ್. ರಾವ್: ಪೇಪರ್ ಸಂಖ್ಯೆಯ ಆಚೆಗೆ

ಸಿ.ಎನ್.ಆರ್. ರಾವ್ ಅಂದ್ರೆ 1,500ಕ್ಕೂ ಹೆಚ್ಚು ಸಂಶೋಧನಾ ಲೇಖನ ಅನ್ನೋ ಲೆಕ್ಕ ಮೊದಲು ಬರುತ್ತೆ. ಅವರು ಕಟ್ಟಿದ ಲ್ಯಾಬುಗಳ ಕತೆ ಅದಕ್ಕಿಂತ ದೊಡ್ಡದು.

1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾವ್, ಅಮೆರಿಕದ ಪರ್ಡ್ಯೂ ವಿ.ವಿ.ಯಲ್ಲಿ 1958ರಲ್ಲಿ ಪಿಎಚ್.ಡಿ. ಮುಗಿಸಿ, ಮರುವರ್ಷವೇ ವಾಪಸಾಗಿ ಐಐಎಸ್‌ಸಿ ಸೇರಿದರು. 1963ರಲ್ಲಿ ಐಐಟಿ ಕಾನ್ಪುರಕ್ಕೆ ಹೋದರು, ಅದಿನ್ನೂ ಎಳೆಯ ಸಂಸ್ಥೆ. 1976ರಲ್ಲಿ ಐಐಎಸ್‌ಸಿಗೆ ಮರಳಿ ಘನಸ್ಥಿತಿ ರಸಾಯನಶಾಸ್ತ್ರಕ್ಕೇ ಪ್ರತ್ಯೇಕ ಘಟಕ ಕಟ್ಟಿದರು. ಲೋಹದ ಆಕ್ಸೈಡುಗಳಲ್ಲಿ ಧಾತುಗಳ ಪ್ರಮಾಣ ಸ್ವಲ್ಪ ಬದಲಾದರೂ ವಿದ್ಯುತ್ ಹರಿಯದ ವಸ್ತು ವಾಹಕವಾಗಬಹುದು. ಆಗ ಇದರಿಂದೇನು ಉಪಯೋಗ ಅಂತ ಕೇಳಬಹುದಿತ್ತು. ಆದರೆ ತಾಮ್ರದ ಆಕ್ಸೈಡುಗಳನ್ನು ಅವರ ತಂಡ ಮೊದಲೇ ಅಧ್ಯಯನ ಮಾಡಿತ್ತು. ಹಾಗಾಗಿ 1987ರಲ್ಲಿ ಜಗತ್ತೆಲ್ಲ ಸೂಪರ್‌ಕಂಡಕ್ಟರ್ ಹಿಂದೆ ಬಿದ್ದಾಗ ಬೆಂಗಳೂರೂ ಆ ಓಟದಲ್ಲಿತ್ತು.

ಈ ನಡುವೆ ಐಐಎಸ್‌ಸಿ ನಿರ್ದೇಶಕ, 1989ರಲ್ಲಿ ಜಕ್ಕೂರಿನ ನೆಹರು ಕೇಂದ್ರದ ಸ್ಥಾಪನೆ. 2013ರಲ್ಲಿ ಭಾರತರತ್ನ ಘೋಷಣೆಯಾದಾಗ, ವಿಜ್ಞಾನಕ್ಕೆ ದುಡ್ಡು ಕೊಡದ ರಾಜಕಾರಣಿಗಳನ್ನು ಮೂರ್ಖರು ಅಂತ ಬೈದರು. ಸರಿಯಾಗೇ ಬೈದರು.

ಅದಕ್ಕೆ ಸ್ವಲ್ಪ ಮೊದಲು, ಅವರ ಹೆಸರಿದ್ದ 2011ರ ಲೇಖನವೊಂದರಲ್ಲಿ ಬೇರೆಯವರ ವಾಕ್ಯಗಳು ಸಿಕ್ಕಿ, ‘ಅಡ್ವಾನ್ಸ್ಡ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಕ್ಷಮೆ ಕೇಳಬೇಕಾಯ್ತು. ಬರೆದದ್ದು ವಿದ್ಯಾರ್ಥಿ ಅನ್ನೋ ವಿವರಣೆ ಬಂತು. ಹೆಸರು ಹಾಕಿದ ಹಿರಿಯರೂ ಓದಿರಬೇಕಿತ್ತಲ್ವಾ?