ಇಂಗ್ಲಿಷ್ ನುಡಿಗಳಲ್ಲಿ ಪೀಠದ ಮಹಿಮೆ

ನುಡಿಗಟ್ಟುಗಳಲ್ಲಿ ಜನಾಂಗದ ಚರಿತ್ರೆಯು ಅಡಗಿರುವುದುಂಟು. ಸಭೆಯ ಅಧ್ಯಕ್ಷತೆಯನ್ನು ವಹಿಸಿದವನು ‘ಚೇರನ್ನು ತೆಗೆದುಕೊಂಡನು’ ಎಂದು ಇಂಗ್ಲಿಷರು ಹೇಳುವರು. ಅವನೇ ಚೇರ್‌ಮನ್, ಎಂದರೆ ಪೀಠದ ಮನುಷ್ಯನು. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪದವಿಯೂ ‘ಚೇರ್’ ಎನಿಸುವುದು. ಈ ಶಬ್ದದ ಮೂಲವು ಗ್ರೀಕರ ‘ಕಥೆದ್ರಾ’. ಅದು ಲ್ಯಾಟಿನ್ನಿಗೆ ಬಂದು, ಹಳೆಯ ಫ್ರೆಂಚಿನ ಮೂಲಕ ಇಂಗ್ಲೆಂಡನ್ನು ಹೊಕ್ಕಿತು. ಬಿಷಪ್ಪನ ಪೀಠವಿರುವ ದೇವಾಲಯಕ್ಕೆ ಕೆಥೀಡ್ರಲ್ ಎಂಬ ಹೆಸರು ಬಂದುದೂ ಇದರಿಂದಲೇ. ಗುರುಪೀಠ, ನ್ಯಾಯಪೀಠಗಳನ್ನು ಬಲ್ಲ ನಮಗೆ ಈ ಭಾವನೆಯು ಹೊಸದಲ್ಲ: ಗೌರವವು ಮೊದಲು ಪೀಠಕ್ಕೆ, ಅನಂತರ ಕುಳಿತವನಿಗೆ.

ಇದು ಬರಿಯ ಮಾತಿನ ಅಲಂಕಾರವಲ್ಲವೆಂಬುದಕ್ಕೆ ಕಾಮನ್ಸ್ ಸಭೆಯ ಎರಡು ಪ್ರಸಂಗಗಳು ಸಾಕ್ಷಿಯಾಗಿವೆ. 1629ನೆಯ ಮಾರ್ಚಿ 2ರಂದು, ಸಭೆಯನ್ನು ಮುಂದಕ್ಕೆ ಹಾಕಬೇಕೆಂದು ಒಂದನೆಯ ಚಾರ್ಲ್ಸ್ ದೊರೆಯ ಆಜ್ಞೆಯಾಯಿತು. ಸ್ಪೀಕರ್ ಸರ್ ಜಾನ್ ಫಿಂಚನು ಏಳಹೋದನು. ಅವನು ಪೀಠವನ್ನು ಬಿಟ್ಟರೆ ಸಭೆಯು ಮುಗಿದಂತೆಯೇ. ಆದಕಾರಣ ಡೆನ್ಜಿಲ್ ಹೋಲಿಸ್, ಬೆಂಜಮಿನ್ ವ್ಯಾಲೆಂಟೈನ್ ಎಂಬ ಸದಸ್ಯರು ಅವನನ್ನು ಪೀಠದಲ್ಲಿಯೇ ಒತ್ತಿ ಹಿಡಿದರು. ಪಾರ್ಲಿಮೆಂಟಿನ ಸಮ್ಮತಿಯಿಲ್ಲದ ಸುಂಕವನ್ನು ಖಂಡಿಸುವ ನಿರ್ಣಯಗಳು ಅಷ್ಟರಲ್ಲಿ ಘೋಷಿತವಾದವು. ದೊರೆಯು ಪಾರ್ಲಿಮೆಂಟನ್ನು ವಿಸರ್ಜಿಸಿ, 1640ರವರೆಗೆ ಅದನ್ನು ಕರೆಯಲೇ ಇಲ್ಲ.

1642ನೆಯ ಜನವರಿ 4ರಂದು ಅದೇ ದೊರೆಯು, ಐವರು ಸದಸ್ಯರನ್ನು ಸೆರೆಹಿಡಿಯಲು ತಾನೇ ಸಭೆಗೆ ಬಂದನು. ಅವರಲ್ಲಿ ಹೋಲಿಸನೂ ಒಬ್ಬನು. ಆಯುಧಪಾಣಿಗಳು ಬಾಗಿಲಲ್ಲಿ ನಿಂತಿದ್ದರು. ಆದರೂ ದೊರೆಯು ಸ್ಪೀಕರ್ ವಿಲಿಯಂ ಲೆಂಥಾಲನ ಪೀಠವನ್ನು ‘ಸ್ವಲ್ಪ ಹೊತ್ತು ಎರವಲು’ ಬೇಡಿಯೇ ಅದರ ಬಳಿಗೆ ನಡೆದನು! ಐವರೂ ಆಗಲೇ ತಪ್ಪಿಸಿಕೊಂಡಿದ್ದರು. ಅವರೆಲ್ಲಿ ಎಂದು ಕೇಳಲು, ಲೆಂಥಾಲನು ಮೊಣಕಾಲೂರಿ, ಸಭೆಯು ಅಪ್ಪಣೆಯಿತ್ತ ಹೊರತು ತನಗೆ ನೋಡುವ ಕಣ್ಣೂ ಆಡುವ ನಾಲಗೆಯೂ ಇಲ್ಲವೆಂದು ಬಿನ್ನವಿಸಿದನು. ದೊರೆಯು ಬರಿಗೈಯಲ್ಲಿ ಹಿಂದಿರುಗಿದನು. ಆ ವರ್ಷವೇ ಅಂತರ್ಯುದ್ಧವು ಮೊದಲಾಯಿತು. 1649ರಲ್ಲಿ ಅವನ ಶಿರಚ್ಛೇದವಾಯಿತು.

ಪಾರ್ಲಿಮೆಂಟಿನ ಸದಸ್ಯತ್ವಕ್ಕೆ ‘ಸೀಟು’ ಎಂಬ ಹೆಸರಿರುವುದನ್ನೂ ಇಲ್ಲಿ ನೆನೆಯಬೇಕು. 1941ರಲ್ಲಿ ಜರ್ಮನರ ಬಾಂಬಿಗೆ ಹಾಳಾದ ಕಾಮನ್ಸ್ ಮಂದಿರವನ್ನು ಪುನಃ ಕಟ್ಟಿ 1950ರಲ್ಲಿ ತೆರೆದರು. ಸದಸ್ಯರು 650 ಮಂದಿ. ಆಸನಗಳು 427 ಮಾತ್ರ. ಸಭೆಯು ತುಂಬಿದ ದಿನ, ಸೀಟನ್ನು ಗೆದ್ದು ಬಂದವರಲ್ಲಿ ಅನೇಕರು ನಿಂತಿರಬೇಕಾಗುತ್ತದೆ. ಮರದ ಆಸನವು ದೊರೆಯದಿದ್ದರೂ ಜನರಿತ್ತ ಪೀಠಕ್ಕೆ ಅದರಿಂದ ಕುಂದಿಲ್ಲ.