ಆರ್ಸೆನಿಕ್‌ನಿಂದ ಬ್ಲಡ್ ಕ್ಯಾನ್ಸರ್ ವಾಸಿಯಾಗುತ್ತದೆಯೇ? ಅರ್ಧ ನಿಜ, ಅರ್ಧ ಅಪಾಯ

'ಆರ್ಸೆನಿಕ್ ಮತ್ತು ವಿಟಮಿನ್ ಎ ಕೊಟ್ಟರೆ ಬ್ಲಡ್ ಕ್ಯಾನ್ಸರ್ ಗುಣವಾಗುತ್ತದೆ, ಕೀಮೋ ಬೇಕಿಲ್ಲ.' ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಆರ್ಸೆನಿಕ್ ಎಂದರೆ ಹಳೆಯ ಕಥೆಗಳಲ್ಲಿ ಬರುವ ಪಾಷಾಣ. ಹಾಗಾಗಿ ಇದು ಶುದ್ಧ ಸುಳ್ಳು ಎಂದು ಅನ್ನಿಸುವುದು ಸಹಜ. ಆದರೆ ಇದು ಪೂರ್ತಿ ಸುಳ್ಳಲ್ಲ. ರಕ್ತದ ಕ್ಯಾನ್ಸರ್‌ನ ಒಂದೇ ಒಂದು ಬಗೆಗೆ ದೊಡ್ಡ ಆಸ್ಪತ್ರೆಗಳು ಇಂದು ಕೊಡುವ ಚಿಕಿತ್ಸೆಯೇ ಆರ್ಸೆನಿಕ್ ಟ್ರೈಆಕ್ಸೈಡ್ ಮತ್ತು ಆಟ್ರಾ ಎಂಬ ಔಷಧಗಳ ಜೋಡಿ.

ಆ ಕಾಯಿಲೆಯ ಹೆಸರು ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ, ಚಿಕ್ಕದಾಗಿ ಎಪಿಎಲ್. 1957ರಲ್ಲಿ ಇದನ್ನು ಮೊದಲು ಗುರುತಿಸಿದಾಗ ವಾರಗಳಲ್ಲೇ ಪ್ರಾಣ ತೆಗೆಯುವ ಕಾಯಿಲೆ ಎಂದೇ ದಾಖಲಾಗಿತ್ತು.

ಎರಡು ಔಷಧ ಯಾಕೆ?

ಎಪಿಎಲ್‌ನಲ್ಲಿ 15 ಮತ್ತು 17ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗುತ್ತವೆ. ಪಿಎಂಎಲ್ ಮತ್ತು ರಾರಾ ಎಂಬ ಎರಡು ಜೀನ್‌ಗಳು ಬೆಸೆದುಕೊಂಡು ಒಂದು ತಪ್ಪು ಪ್ರೋಟೀನ್ ತಯಾರಾಗುತ್ತದೆ. ಅದು ಬಿಳಿ ರಕ್ತಕಣಗಳನ್ನು ಬಲಿಯಲು ಬಿಡುವುದಿಲ್ಲ. ಎಳೆಯ ಕಣಗಳೇ ಮಜ್ಜೆಯ ತುಂಬ ತುಂಬಿಕೊಳ್ಳುತ್ತವೆ.

ಆಟ್ರಾ ಈ ಪ್ರೋಟೀನಿನ ರಾರಾ ಭಾಗವನ್ನು ಹಿಡಿಯುತ್ತದೆ, ಆರ್ಸೆನಿಕ್ ಪಿಎಂಎಲ್ ಭಾಗವನ್ನು. ಎರಡೂ ಕಡೆಯಿಂದ ಪೆಟ್ಟು ಬಿದ್ದು ಪ್ರೋಟೀನ್ ಒಡೆದುಹೋಗುತ್ತದೆ. ತಡೆ ಸರಿದ ಮೇಲೆ ಎಳೆಯ ಕಣಗಳು ಬಲಿತು ತಮ್ಮ ಪಾಡಿಗೆ ಸಾಯುತ್ತವೆ. ಸಿಕ್ಕ ಕಣವನ್ನೆಲ್ಲ ಕೊಲ್ಲುವ ಕೀಮೋಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಈ ಬೆಸುಗೆ ಇಲ್ಲದ ಬೇರೆ ಲ್ಯುಕೇಮಿಯಾಗಳಲ್ಲಿ, ಸ್ತನ ಅಥವಾ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ, ಈ ಜೋಡಿಗೆ ಹಿಡಿಯಲು ಗುರಿಯೇ ಇರುವುದಿಲ್ಲ.

ಎರಡೂ ಔಷಧಗಳು ಬೆಳಕಿಗೆ ಬಂದದ್ದು ಚೀನಾದಿಂದ. ಹಾರ್ಬಿನ್‌ನ ವೈದ್ಯರು 1970ರ ದಶಕದಲ್ಲಿ ಆರ್ಸೆನಿಕ್ ಬಳಸಿದರು. ಶಾಂಘೈನ ವಾಂಗ್ ಝೆನ್‌ಯಿ 1985ರಲ್ಲಿ ಐದು ವರ್ಷದ ಹುಡುಗಿಗೆ ಆಟ್ರಾ ಕೊಟ್ಟರು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ಆರ್ಸೆನಿಕ್ ಒಂದನ್ನೇ ಕೊಟ್ಟು 72 ರೋಗಿಗಳ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ನೂರಕ್ಕೆ 86 ಮಂದಿಯಲ್ಲಿ ಕಾಯಿಲೆ ಹತೋಟಿಗೆ ಬಂದಿತ್ತು. 2013ರಲ್ಲಿ ಇಟಲಿ ಮತ್ತು ಜರ್ಮನಿಯ ಅಧ್ಯಯನವೊಂದು ಈ ಜೋಡಿಯನ್ನು ಆಟ್ರಾ-ಕೀಮೋ ಜೊತೆ ಹೋಲಿಸಿತು. ಎರಡು ವರ್ಷದ ನಂತರ ಕಾಯಿಲೆ ಮರುಕಳಿಸದೆ ಬದುಕಿದ್ದವರು ಜೋಡಿ ಔಷಧದಲ್ಲಿ ನೂರಕ್ಕೆ 97, ಕೀಮೋದಲ್ಲಿ 86. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇಂಥ ಅಂಕಿ ಅಪರೂಪ. ಆದರೆ ಅಲ್ಲಿ ಸೇರಿಸಿಕೊಂಡದ್ದು ಬಿಳಿ ರಕ್ತಕಣ 10,000 ಮೀರದವರನ್ನು ಮಾತ್ರ. ಅದಕ್ಕಿಂತ ಹೆಚ್ಚಿದ್ದರೆ ಕೀಮೋವನ್ನೂ ಸೇರಿಸುವುದೇ ರೂಢಿ. 'ಕೀಮೋ ಬೇಕಿಲ್ಲ' ಎಂಬ ಮಾತು ಎಪಿಎಲ್‌ನಲ್ಲೂ ಎಲ್ಲರಿಗೂ ಹೊಂದುವುದಿಲ್ಲ.

ಮನೆಯಲ್ಲಿ ಯಾಕೆ ಆಗದು?

ಆರ್ಸೆನಿಕ್ ಅನ್ನು ತೂಕಕ್ಕೆ ತಕ್ಕಂತೆ ಅಳೆದು, ಡ್ರಿಪ್‌ನಲ್ಲಿ ನಿಧಾನವಾಗಿ ಕೊಡುತ್ತಾರೆ. ಅದು ಹೃದಯದ ಬಡಿತದ ಲಯ ಕೆಡಿಸಬಲ್ಲದು. ಅದಕ್ಕಾಗಿ ಇಸಿಜಿ, ಪೊಟ್ಯಾಶಿಯಂ, ಮೆಗ್ನೀಷಿಯಂ ಮತ್ತೆಮತ್ತೆ ನೋಡಬೇಕು. ಮೊದಲ ವಾರಗಳಲ್ಲಿ ಕೆಲವರಿಗೆ ಜ್ವರ, ಉಸಿರಾಟದ ತೊಂದರೆ ಶುರುವಾಗಿ ಮೈ ಊದಿಕೊಳ್ಳುತ್ತದೆ; ತಕ್ಷಣ ಸ್ಟೀರಾಯ್ಡ್ ಕೊಡದಿದ್ದರೆ ಜೀವಕ್ಕೇ ಕುತ್ತು.

ಆಟ್ರಾ ವಿಟಮಿನ್ ಎ ಕುಟುಂಬದ್ದು ನಿಜ. ಆದರೆ ಅಂಗಡಿಯ ವಿಟಮಿನ್ ಎ ಮಾತ್ರೆ ಅದರ ಕೆಲಸ ಮಾಡುವುದಿಲ್ಲ, ಮಿತಿಮೀರಿದರೆ ಲಿವರ್ ಕೆಡುತ್ತದೆ. ಗರ್ಭಿಣಿಯರಲ್ಲಿ ಆಟ್ರಾ ಮಗುವಿನ ಅಂಗವೈಕಲ್ಯಕ್ಕೆ ಕಾರಣವಾಗಬಹುದು. ಇನ್ನು ನೀರಿನಲ್ಲಿ ಬೆರೆತ ಆರ್ಸೆನಿಕ್ ವರ್ಷಗಟ್ಟಲೆ ಒಳಗೆ ಹೋದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ತರುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರ್‌ಗೆ 10 ಮೈಕ್ರೋಗ್ರಾಂ. ಆರ್ಸೆನಿಕ್ ಇದೆ ಎಂದು ಯಾರಾದರೂ ಪುಡಿ, ಭಸ್ಮ ಕೊಟ್ಟರೆ ದಯವಿಟ್ಟು ಮುಟ್ಟಬೇಡಿ.

ತಡವೇ ದೊಡ್ಡ ಶತ್ರು

ಎಪಿಎಲ್‌ನಲ್ಲಿ ಮೊದಲ ದಿನಗಳ ಸಾವಿಗೆ ಮುಖ್ಯ ಕಾರಣ ರಕ್ತಸ್ರಾವ, ಅದರಲ್ಲೂ ಮೆದುಳಿನಲ್ಲಿ. ಅದಕ್ಕೇ ತಜ್ಞರು ಜೀನ್ ಪರೀಕ್ಷೆಯ ವರದಿಗೆ ಕಾಯದೆ, ಅನುಮಾನ ಬಂದ ದಿನವೇ ಆಟ್ರಾ ಶುರು ಮಾಡುತ್ತಾರೆ. ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆಗಳು, ನಿಲ್ಲದ ವಸಡಿನ ಅಥವಾ ಮೂಗಿನ ರಕ್ತ, ಜೊತೆಗೆ ಸುಸ್ತು ಕಂಡರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಮನೆಯವರಿಗೆ ಈಗಾಗಲೇ ಲ್ಯುಕೇಮಿಯಾ ಎಂದು ಗೊತ್ತಾಗಿದ್ದರೆ, ವರದಿಯಲ್ಲಿ ಪಿಎಂಎಲ್-ರಾರಾ ಪಾಸಿಟಿವ್ ಎಂದಿದೆಯೇ ಎಂದು ವೈದ್ಯರನ್ನು ಕೇಳಿ.