ವಾರಾನ್ನ, ಹಾಸ್ಟೆಲು ಮತ್ತು ಹುರಿಹಿಟ್ಟು

ಕಳೆದ ತಿಂಗಳು ನನ್ನ ತಮ್ಮನ ಮಗಳು ಬೆಂಗಳೂರಿನಲ್ಲಿ ಎಂ.ಎಸ್ಸಿ.ಗೆ ಸೇರಿದಳು. ಪಿ.ಜಿ. ಬಾಡಿಗೆ, ಊಟ, ಬಸ್ಸು, ಮೊಬೈಲು ಎಂದು ಒಂದು ಹಾಳೆಯ ತುಂಬ ಲೆಕ್ಕ ಬರೆದು ತಂದು, "ದೊಡ್ಡಪ್ಪ, ಇದರಲ್ಲಿ ಎಲ್ಲಿ ಉಳಿಸಬಹುದು ನೋಡಿ" ಎಂದಳು. ಕನ್ನಡಕ ಏರಿಸಿಕೊಂಡು ನೋಡಿದೆ. ಕಡಿತಗೊಳಿಸಬಹುದಾದದ್ದು ಹೆಚ್ಚೇನೂ ಕಾಣಲಿಲ್ಲ. ಆದರೆ ಆ ಹಾಳೆ ನನ್ನಲ್ಲಿ ಬೇರೊಂದು ಪ್ರಶ್ನೆಯನ್ನೆಬ್ಬಿಸಿತು. ಕೈಯಲ್ಲಿ ಕಾಸಿಲ್ಲದ ನಮ್ಮ ಸೀಮೆಯ ಹುಡುಗರು ಹಿಂದೆ ಪರಸ್ಥಳದಲ್ಲಿ ಓದಿದ್ದಾದರೂ ಹೇಗೆ? ಅವರ ಊಟದ ಖರ್ಚನ್ನು ಹೊತ್ತವರು ಯಾರು?

ನಮ್ಮ ಹಿರಿಯರ ಕಾಲದಲ್ಲಿ ಇದಕ್ಕಿದ್ದ ಹೆಸರು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೀಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡರೆ ಹುಡುಗನ ವಾರ ಕಳೆಯುತ್ತಿತ್ತು. ಏಳರಲ್ಲಿ ಒಂದು ಮನೆ ಸಿಗದಿದ್ದರೆ ಆ ದಿನ ನೀರು, ಇಲ್ಲವೇ ಒಂದು ಹಿಡಿ ಅವಲಕ್ಕಿ. ಉಂಡ ಋಣಕ್ಕೆ ಬಾವಿಯಿಂದ ನೀರು ಸೇದಿಕೊಡುವುದು, ಪೂಜೆಗೆ ಹೂ ತರುವುದು, ಆ ಮನೆಯ ಮಕ್ಕಳಿಗೆ ಪಾಠ ಹೇಳುವುದು ಇದ್ದೇ ಇರುತ್ತಿತ್ತು. ತಾಯಿಯಂತೆ ಬಡಿಸಿದವರೂ ಇದ್ದರು, ಜಗಲಿಯ ಮೇಲೆ ಗಂಟೆಗಟ್ಟಲೆ ಕಾಯಿಸಿದವರೂ ಇದ್ದರು. ದೊಡ್ಡ ದೊಡ್ಡ ವಿದ್ವಾಂಸರು ಈ ಅನ್ನದಿಂದಲೇ ಬೆಳೆದರೆಂದು ನಾವು ಅಭಿಮಾನದಿಂದ ಹೇಳುತ್ತೇವೆ. ನಾನೂ ತರಗತಿಯಲ್ಲಿ ಹಾಗೆಯೇ ಹೇಳುತ್ತಿದ್ದೆ. ಒಂದು ಮಾತನ್ನು ಮಾತ್ರ ಬಿಟ್ಟುಬಿಡುತ್ತಿದ್ದೆ: ಈ ಏಳು ಮನೆಗಳ ಬಾಗಿಲು ಎಲ್ಲ ಹುಡುಗರಿಗೂ ತೆರೆದಿರಲಿಲ್ಲ. ವಾರಾನ್ನದ ಪದ್ಧತಿ ಬಹುಮಟ್ಟಿಗೆ ಬ್ರಾಹ್ಮಣ ಬಾಲಕರಿಗೆ ಸೀಮಿತವಾಗಿತ್ತು. ಒಕ್ಕಲಿಗರ, ಕುರುಬರ, ಬೆಸ್ತರ ಹುಡುಗ ಯಾರ ಜಗಲಿಯಲ್ಲಿ ಕಾಯಬೇಕಿತ್ತು? ದಲಿತರ ಹುಡುಗನಿಗಂತೂ ಜಗಲಿಯೂ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ವಿದ್ಯಾರ್ಥಿನಿಲಯಗಳು ಹುಟ್ಟಿಕೊಂಡದ್ದರ ಹಿಂದೆ ಈ ಕೊರತೆಯಿತ್ತು. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರು ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ನಡೆಸಿದರು. ಮುಂದೆ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನವಿಟ್ಟ ಶಿವಕುಮಾರ ಸ್ವಾಮಿಗಳು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಉಳಿದುಕೊಂಡದ್ದು ಅದೇ ನಿಲಯದಲ್ಲಿ. 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. ಆ ಸಮುದಾಯದ ಮಕ್ಕಳಿಗೂ ಹಾಸ್ಟೆಲು ಬಂದಿತು. ದಲಿತ ಮಕ್ಕಳಿಗಾಗಿ ದುಡಿದ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರಿನ ಹಾಸ್ಟೆಲಿನಲ್ಲಿ ಕವಿ ಸಿದ್ಧಲಿಂಗಯ್ಯನವರು ಬೆಳೆದರು. ಜಾತಿಗೊಂದು ಹಾಸ್ಟೆಲೇ ಎಂದು ಇಂದು ಮೂಗು ಮುರಿಯುವವರಿದ್ದಾರೆ. ಅನ್ನ ಜಾತಿ ಕೇಳುತ್ತಿದ್ದ ಕಾಲದಲ್ಲಿ ಅನ್ನದ ಮನೆಯನ್ನೂ ಜಾತಿಯವರೇ ಕಟ್ಟಿಕೊಳ್ಳಬೇಕಾಯಿತು ಎನ್ನುವುದನ್ನು ಅವರು ಮರೆಯುತ್ತಾರೆ.

ನಮ್ಮ ಗೌರಿಬಿದನೂರು ತಾಲ್ಲೂಕಿನವರಿಗೆ ಈ ಚರಿತ್ರೆಯ ಬಗ್ಗೆ ಯೋಚಿಸುವಾಗ ಒಂದು ಹೆಸರು ತಾನಾಗಿಯೇ ನಾಲಗೆಗೆ ಬರುತ್ತದೆ. ಹೊಸೂರಿನ ಬಡ, ಹಿಂದುಳಿದ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1935ರಲ್ಲಿ ಬೆಂಗಳೂರಿಗೆ ಓದಲು ಹೊರಟದ್ದು ಕಾಲ್ನಡಿಗೆಯಲ್ಲಿ. ಸುಮಾರು 85 ಕಿಲೋಮೀಟರ್, ಎರಡು ದಿನ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿ, ಬಡ ಹುಡುಗರಿಗಾಗಿ ಇದ್ದ ಪೂರ್ ಬಾಯ್ಸ್ ಹೋಮ್‌ನಲ್ಲಿ ಆಶ್ರಯ ಪಡೆದರು. ಮರುವರ್ಷ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದವನು ಹೀಗೆ ನಡೆದು ಬಂದ ಹುಡುಗನೇ. ಸೆಂಟ್ರಲ್ ಕಾಲೇಜು, 1942ರ ಚಳವಳಿ, ಜೈಲು, ಭೌತಶಾಸ್ತ್ರದ ಅಧ್ಯಾಪಕ ವೃತ್ತಿ, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಡಾಕ್ಟರೇಟ್, 1972ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಪದವಿ, ಇವೆಲ್ಲ ನಿಮಗೆ ಗೊತ್ತಿರುವುದೇ. ಇಷ್ಟೆಲ್ಲ ಆದ ಮೇಲೂ ಅವರು ಸ್ವಂತ ಮನೆ ಮಾಡಲಿಲ್ಲ. 2005ರ ಜನವರಿ 31ರಂದು ತೀರಿಕೊಳ್ಳುವವರೆಗೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯೇ ಅವರ ಮನೆ.

ಅವರ ಖಾದಿ, ಅವರ ಉಪ್ಪಿಟ್ಟು ಎಲ್ಲರ ಬಾಯಲ್ಲೂ ಇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಗೌರಿಬಿದನೂರು, ಬಾಗೇಪಲ್ಲಿಗಳಂಥ ಊರುಗಳಿಗೆ ಕಾಲೇಜನ್ನು ತಂದದ್ದು. ವಿದ್ಯಾರ್ಥಿಯ ಖರ್ಚಿನಲ್ಲಿ ಅತಿ ಭಾರವಾದದ್ದು ಶುಲ್ಕವಲ್ಲ, ಪುಸ್ತಕವೂ ಅಲ್ಲ. ಊರು ಬಿಟ್ಟು ಇನ್ನೊಂದೂರಿನಲ್ಲಿ ಉಂಡು ಮಲಗುವ ಖರ್ಚು. ಸಂಜೆ ಮನೆಗೆ ಹೋಗಿ ಮುದ್ದೆ ಉಣ್ಣುವ ಹಾಗಿದ್ದರೆ ಆ ಖರ್ಚೇ ಇಲ್ಲ. ಹುಡುಗನಾದರೆ ನಡೆದಾದರೂ ಬೆಂಗಳೂರು ಸೇರಿಯಾನು. ಹುಡುಗಿಗೆ ವಾರಾನ್ನವೂ ಇರಲಿಲ್ಲ, ಎರಡು ದಿನ ಒಬ್ಬಳೇ ನಡೆಯುವ ಅನುಕೂಲವೂ ಇರಲಿಲ್ಲ. ನನ್ನ ಕೈಯಲ್ಲಿ ಹತ್ತನೇ ತರಗತಿ ಓದಿದ ಎಷ್ಟೋ ಹೆಣ್ಣುಮಕ್ಕಳು ಪದವೀಧರರಾದದ್ದು ಕಾಲೇಜು ಇಲ್ಲೇ ಇದ್ದುದರಿಂದ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ತಲೆಯಾಡಿಸುತ್ತಿರಬಹುದು.

ನಾನೂ ಪದವಿಯವರೆಗೆ ಮನೆಯ ಮುದ್ದೆ ತಿಂದೇ ಓದಿದವನು. ಖರ್ಚಿನ ಬಿಸಿ ತಟ್ಟಿದ್ದು 1982ರಲ್ಲಿ, ಬಿ.ಇಡ್.ಗೆಂದು ಬೆಂಗಳೂರಿಗೆ ಹೋದಾಗ. ನಾವು ಮೂವರು ಒಂದು ಕೋಣೆ ಹಿಡಿದೆವು. ಸೀಮೆಎಣ್ಣೆ ಸ್ಟವ್ವಿನ ಮೇಲೆ ಬೆಳಿಗ್ಗೆ ಒಂದೇ ಸಲ ಅನ್ನ ಮಾಡಿ ಎರಡು ಹೊತ್ತು ಉಣ್ಣುತ್ತಿದ್ದೆವು. ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಕೊಂಡು, ಪರೀಕ್ಷೆ ಮುಗಿದ ಮರುದಿನ ಅಲ್ಲಿಯೇ ಮಾರಿದೆವು. ಭಾನುವಾರಗಳಲ್ಲಿ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಕುಳಿತರೆ ಓದಿಗೆ ಓದು, ಪುಸ್ತಕದ ದುಡ್ಡೂ ಉಳಿತಾಯ. ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ಒಂದು ಕಚೇರಿಯವರು ಹೇಳುತ್ತಲೇ ಇದ್ದರು. ಹಣ ಕೈಗೆ ಬಂದದ್ದು ನಾನು ಪರೀಕ್ಷೆ ಬರೆದು ಊರಿಗೆ ಮರಳಿದ ಮೇಲೆ! ಅಷ್ಟರಲ್ಲಿ ಒಬ್ಬ ಗೆಳೆಯನಿಗೆ ಎಪ್ಪತ್ತು ರೂಪಾಯಿ ಸಾಲಗಾರನಾಗಿದ್ದೆ.

ಆ ವರ್ಷ ನಮ್ಮನ್ನು ನಿಜವಾಗಿ ಕಾಪಾಡಿದ್ದು ಮನೆಯಿಂದ ಬರುತ್ತಿದ್ದ ಚೀಲ. ಹದಿನೈದು ದಿನಕ್ಕೊಮ್ಮೆ ಬೆಳಗಿನ ರೈಲಿಗೆ ಹೊರಟ ಊರಿನವರಾರಾದರೂ ಅದನ್ನು ತಂದುಕೊಡುತ್ತಿದ್ದರು. ಅದರೊಳಗೆ ರಾಗಿ ಹುರಿಹಿಟ್ಟು, ಹುರಿದ ಕಡಲೆಕಾಯಿ, ಬೆಲ್ಲ, ಹುಣಸೆತೊಕ್ಕು. ಚೀಲ ಹೊಲಿದು ತುಂಬಿಸುತ್ತಿದ್ದವಳು ನಮ್ಮಕ್ಕ. ಅವಳು ಏಳನೇ ತರಗತಿಗೆ ಶಾಲೆ ಬಿಟ್ಟಿದ್ದಳು. ಓದಿನಲ್ಲಿ ನನಗಿಂತ ಚುರುಕು. ಆದರೆ ಹೈಸ್ಕೂಲು ಇದ್ದದ್ದು ಪೇಟೆಯಲ್ಲಿ, ಇಬ್ಬರನ್ನು ಕಳಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಕಡಲೆಕಾಯಿ ಬಿಡಿಸುವ ಕೂಲಿಗೆ ಹೋಗಿ ಬಂದ ದುಡ್ಡಿನಲ್ಲಿ ಅವಳು ಬೆಲ್ಲ ಕೊಳ್ಳುತ್ತಿದ್ದಳಂತೆ. ಇದು ನನಗೆ ಗೊತ್ತಾದದ್ದು ಅಮ್ಮ ತೀರಿಕೊಳ್ಳುವ ಮುಂಚೆ ಹೇಳಿದಾಗ.

ತಮ್ಮನ ಮಗಳ ಹಾಳೆ ನೋಡಿದ ಮೇಲೆ ಅಟ್ಟದ ಟ್ರಂಕಿನಿಂದ ನನ್ನ 1982ರ ಲೆಕ್ಕದ ಪುಸ್ತಕ ಹುಡುಕಿ ತೆಗೆದೆ. ಹಬ್ಬಕ್ಕೆ ಬಂದಿದ್ದ ಅಕ್ಕನ ಪಕ್ಕದಲ್ಲಿ ಕುಳಿತು, ಬಾಡಿಗೆಯ ಪಾಲು ಮೂವತ್ತೈದು, ಸೀಮೆಎಣ್ಣೆ ಆರು, ಕಾಫಿ ನಲವತ್ತು ಪೈಸೆ ಎಂದು ಜಂಬದಿಂದಲೇ ಓದಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡು, "ಹುರಿಟ್ಟಿನ ಲೆಕ್ಕ ಎಲ್ಲೋ ಬರ್ದಿದೀಯಾ?" ಎಂದು ನಕ್ಕಳು.

ಪುಟಗಳನ್ನು ಮತ್ತೆ ತಿರುವಿ ನೋಡಿದೆ. ಎಲ್ಲಿಯೂ ಬರೆದಿರಲಿಲ್ಲ. ಆ ಪುಸ್ತಕವನ್ನು ತಮ್ಮನ ಮಗಳಿಗೆ ಕೊಟ್ಟಿದ್ದೇನೆ.